ಬಿಳಿ ಎಂದುಬಿಟ್ಟೆ

ಮಾರ್ಚ್ ೧೪, ಶನಿವಾರ

ಶೋರೂಮಿನವನು ಕಾರಿನ ಕೀಯನ್ನು ಇವರ ಕೈಗಿಟ್ಟ. "ಸರ್, ಒಂದು ರೌಂಡ್ ಓಡಿಸಿ ನೋಡಿ. ಮೇಡಂ, ನೀವು ಬಣ್ಣ ಆರಿಸ್ತಾ ಇರಿ."

ಕಾರು ನನ್ನ ಸಂಬಳದ್ದು, ಓಡಿಸುವವಳೂ ನಾನೇ. ನನ್ನ ಗಂಡನಿಗೆ ಲೈಸೆನ್ಸೇ ಇಲ್ಲ. ಆದರೂ ಕೀಯನ್ನು ಬೆರಳಲ್ಲಿ ತಿರುಗಿಸುತ್ತಾ, "ಇವತ್ಯಾಕೋ ಕಣ್ಣುರಿ, ಇನ್ನೊಂದಿನ ನೋಡೋಣ" ಎಂದು ಅವನಿಗೇ ವಾಪಸ್ ಕೊಟ್ಟರು.

ಬಸ್ಸಿನಲ್ಲಿ ಕೇಳಿದರೆ, "ಅವನೆದುರು ನನ್ನ ಮರ್ಯಾದೆ ಏನಾಗ್ಬೇಕು ಕಣೇ?"

ಇವರನ್ನು ಬೈದುಕೊಂಡು ಮಲಗಬಹುದಿತ್ತು. ಆದರೆ ಹನ್ನೆರಡು ವರ್ಷ ಆಫೀಸಿನ ಜೀಪು ಓಡಿಸಿದವಳು, ತುಟಿ ಪಿಟಕ್ಕೆನ್ನದೆ ಬಣ್ಣದ ಪಟ್ಟಿ ನೋಡುತ್ತಾ ನಿಂತಿದ್ದೇಕೆ? "ಬಿಳಿ" ಎಂದೂ ಹೇಳಿದೆ. ಬಿಳಿ ನನಗಿಷ್ಟವಿಲ್ಲ, ಇವರಿಗಿಷ್ಟ.

ಸೋಮವಾರ ಒಬ್ಬಳೇ ಹೋಗಿ ಕೀ ಕೇಳಬೇಕು. ಮನೆಯಲ್ಲಿ ಏನು ನೆಪ ಹೇಳಿ ಹೊರಡಲಿ ಎಂದು ಈಗಲೇ ಯೋಚಿಸುತ್ತಿದ್ದೇನೆ. ಥೂ.