ಎಡಗಡೆಯ ಹಿಡಿಕೆ

ತಮ್ಮಾ,

ಅಪ್ಪನ ಮಣ್ಣಿಗೂ ಬರದವನಿಗೆ ಕಾಗದ ಬರೆಯಬಾರದು ಅಂತಲೇ ಇದ್ದೆ.

ಅವರು ಕೊನೆಯದಾಗಿ ತಿಗರಿಯಲ್ಲಿ ಮಾಡಿದ್ದು ಒಂದು ಟೀ ಹೂಜಿ. ಮೂತಿ ಮುಂದಕ್ಕಿಟ್ಟರೆ ಹಿಡಿಕೆ ಎಂದಿನಂತೆ ಬಲಗಡೆಗಲ್ಲ, ಎಡಗಡೆಗೆ ಬರುತ್ತದೆ. ವಯಸ್ಸಾಗಿ ಕೈ ತಪ್ಪಿದೆ ಅಂದುಕೊಂಡು, ಇನ್ನೂ ಸುಡದಿದ್ದ ಅದನ್ನು ನೀರಿಗೆ ಹಾಕಿ ಮತ್ತೆ ಮಣ್ಣು ಮಾಡೋಣ ಅಂತ ಎತ್ತಿದ್ದೆ. ಆಗ ಹೊಳೆಯಿತು, ನಮ್ಮನೆಯಲ್ಲಿ ಎಡಚ ನೀನೊಬ್ಬನೇ. ನಿನ್ನ ಹೆಸರೆತ್ತಿದರೆ ತಟ್ಟೆ ಬಿಟ್ಟು ಏಳುತ್ತಿದ್ದ ಮನುಷ್ಯ!

ಒಂದು ಸಲ ಸುಟ್ಟಿಟ್ಟಿದ್ದೇನೆ. ಇನ್ನು ಹೊಳಪಿನ ಬಣ್ಣದ ಗ್ಲೇಜ್ ಹಚ್ಚಿ ಗುರುವಾರ ಮತ್ತೆ ಭಟ್ಟಿಗೆ ಇಡಬೇಕು. ನೀಲಿ ಇದೆ, ಜೇನುಬಣ್ಣವೂ ಸ್ವಲ್ಪ ಉಳಿದಿದೆ. ಯಾವ ಬಣ್ಣ ಅಂತ ಅಪ್ಪ ಯಾವಾಗಲೂ ತಳದಲ್ಲಿ ಗೀರಿಡುತ್ತಿದ್ದರಲ್ಲ, ಇದರಲ್ಲಿ ಎರಡು ಮೂರು ಸಲ ಗೀರಿ ಅಳಿಸಿದ್ದಾರೆ.

ನಿನಗೆ ಯಾವ ಬಣ್ಣ ಇಷ್ಟ ಅಂತ ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿಲ್ಲ. ಅಷ್ಟಾದರೂ ಬರೆದು ತಿಳಿಸು.

ನಿನ್ನ ಅಕ್ಕ