ಹಂದಿ ಕಾಯೋನು

ಅಪ್ಪಾ,

ಇದನ್ನ ನಿಂಗೆ ಕಳಿಸಲ್ಲ. ಕಳಿಸಿದ್ರೆ ಓದೋದು ಬಿಟ್ಟು ಒತ್ತಕ್ಷರ ತಿದ್ದೋಕೆ ಕೂತ್ಕೋತೀಯ.

ನಾನು ಸ್ಕೂಲ್ ಬಿಟ್ಟ ದಿನ ಜಾನ್ಸನ್‌ವಿಲ್ ಮನೆ ಬಾಗಿಲಲ್ಲಿ ನಿಂತು, ಬೀದಿಗೆಲ್ಲ ಕೇಳೋ ಹಾಗೆ ಕಿರುಚಿದೆಯಲ್ಲ, "ಹೋಗೋ, ನೀನು ಹಂದಿ ಕಾಯೋಕೇ ಲಾಯಕ್ಕು" ಅಂತ. ನಿನ್ನೆ ರಾತ್ರಿ ಅದನ್ನೇ ಮಾಡ್ದೆ.

ನಾನು ಕೆಲಸ ಮಾಡೋ ಕುರಿ ಫಾರ್ಮಲ್ಲಿ ಒಂದು ಗಂಡು ಕಾಡುಹಂದಿ ಆಗ ತಾನೇ ಹುಟ್ಟಿದ ಕುರಿಮರಿಗಳನ್ನ ತಿಂತಿತ್ತು. ಬೇರೆಯೋರೆಲ್ಲ ಯೂಟ್ ಅನ್ನೋ ಪಿಕಪ್ ಗಾಡಿ ಹತ್ಕೊಂಡು, ಲೈಟ್ ಬಿಟ್ಕೊಂಡು ಅಟ್ಟಿದ್ರು, ಸಿಗಲಿಲ್ಲ. ನಾನು ಬಂದೂಕು ಹಿಡ್ಕೊಂಡು ಗಾಳಿಗೆ ಎದುರಾಗಿ, ಒದ್ದೆ ಹುಲ್ಲಲ್ಲಿ ಬೋರಲು ಮಲಗಿ ಕಾದೆ. ಪಕ್ಕದಲ್ಲಿ ಓನರ್ ಗ್ರೇಮ್ ಚಳಿಗೆ ಹಲ್ಲು ಕಟಕಟ ಅನ್ನಿಸ್ತಾ, "ಇವತ್ತು ಬರಲ್ಲ, ನಡಿ ಮೇಟ್" ಅಂದ.

"ನೀನು ಬೇಕಾದ್ರೆ ಹೋಗು" ಅಂದೆ.

ಬಂತು. ಕತ್ತಲಲ್ಲೂ ಮೈಬಿಸಿ ತೋರಿಸೋ ಥರ್ಮಲ್ ಸ್ಕೋಪಲ್ಲಿ ಬೆಳ್ಳಗೆ, ಫ್ರಿಜ್ಜಿನಷ್ಟು ದಪ್ಪ. ಒಂದೇ ಗುಂಡಿಗೆ ಬಿತ್ತು! ಇಬ್ರಿಗೂ ಯೂಟಿಗೆ ಎತ್ತಿ ಹಾಕೋಕೆ ಆಗಲಿಲ್ಲ. ಕೋಡಿಂಗಲ್ಲಿ ಫಸ್ಟ್ ಬಂದ ಆ ನಿನ್ನ ಫ್ರೆಂಡ್ ಮಗ ಇದ್ದಾನಲ್ಲ, ಅವನ್ನ ಕರ್ಕೊಂಡ್ ಬಾ. ಒಂದು ಕಾಲು ಎತ್ತಲಿ ನೋಡೋಣ.

ಗ್ರೇಮ್ ನನ್ನ ಬೆನ್ನಿಗೆ ಗುದ್ದಿ, "ಇಷ್ಟು ಚೆನ್ನಾಗಿ ಕಾಯೋದು ಯಾರು ಕಲಿಸಿದ್ರೋ?" ಅಂದ.

"ನಮ್ಮಪ್ಪ" ಅಂದೆ. ಬಾಯಿಗೆ ಹಂಗೇ ಬಂತು.

ಬೆಳಿಗ್ಗೆ ಮರಿಗಳೆಲ್ಲ ಕುಣೀತಿದ್ವು, ಒಂದೂ ಕಮ್ಮಿ ಇಲ್ಲ.

ನೀನು ಹೇಳಿದ್ದು ಸರಿ ಕಣಪ್ಪಾ. ಕಾಯೋದ್ರಲ್ಲಿ ನನ್ನ ಮೀರಿಸೋರು ಇಲ್ಲಿ ಯಾರೂ ಇಲ್ಲ. ನನ್ನ ಫೋನ್ ನಂಬರ್ ಕೂಡ ಇನ್ನೂ ಹಳೇದೇ ಇದೆ.