ಏಳನೇ ಸಾಲಿನ ಅಲಸಂದೆ

ಸೋಮವಾರ, ಮಧ್ಯಾಹ್ನ

ನನ್ನ ಮುದ್ದು ಗುಬ್ಬಿಗೆ,

ನಾನು ಚೆನ್ನಾಗಿದ್ದೇನೆ. ಹೊಲಿಗೆ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ ಬರೆಯುತ್ತಿದ್ದೇನೆ.

ನಿನ್ನ ಕೃಷಿ ಸಂಶೋಧನಾ ಕೇಂದ್ರದಿಂದ ನೀನು ಕಳಿಸಿದ ಪಟ್ಟಿಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿಕೊಂಡು ಮೂರು ಸಲ ಓದಿದೆ. ಹನ್ನೆರಡು ಕಡೆಯ ಹನ್ನೆರಡು ನಾಟಿ ಅಲಸಂದೆ, ಒಂದೊಂದಕ್ಕೂ ಒಂದೊಂದು ಸಾಲು. ಬಳ್ಳಿ ಎಷ್ಟುದ್ದ, ಹೂವಿಗೆ ಎಷ್ಟು ದಿನ, ಕಾಯಿಗೆ ಎಷ್ಟು ಕಾಳು, ಸಾಲಿಗೆ ಎಷ್ಟು ಇಳುವರಿ, ಒಂದನ್ನೂ ಬಿಟ್ಟಿಲ್ಲ ನೀನು. ಏಳನೇ ಸಾಲು, ನಮ್ಮಜ್ಜಿಯ ಕಾಲದಿಂದ ಬಂದ ಕಾಳು, ಎಲ್ಲಕ್ಕಿಂತ ಕೆಳಗೆ. ಮುಂದಿನ ಬಿತ್ತನೆಗೆ ಇದನ್ನ ಕೈಬಿಡ್ತಾರೆ, ಬೇಜಾರು ಮಾಡ್ಕೋಬೇಡಮ್ಮ ಎಂದು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಗೀಚಿದ್ದೀಯ. ಬೇಜಾರಾಯಿತು ಮಗಳೇ. ತಪ್ಪು ನನ್ನದು.

ನಿನಗೆ ಕೆಲಸ ಸಿಕ್ಕ ಸಂಜೆ ನೆನಪಿದೆಯಾ? ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಂತೆ. ಮನೆಯಲ್ಲಿ ಒಂದು ತರಕಾರಿಯೂ ಇರಲಿಲ್ಲ. ಬಿತ್ತನೆಗೆಂದು ಆರಿಸಿಟ್ಟಿದ್ದ ಹೊಸ ಕಾಳನ್ನೇ ಬೇಯಿಸಿಬಿಟ್ಟೆ. ನೀನು ಎರಡೆರಡು ಸಲ ಹಾಕಿಸಿಕೊಂಡು ತಿಂದೆ. ಆಮೇಲೆ ಕೈ ತೊಳೆದು ಬಂದು, ಅಮ್ಮಾ, ಇದೇ ಕಾಳು ನಮ್ಮ ಪ್ರಯೋಗಕ್ಕೂ ಬೇಕು, ಒಂದು ಹಿಡಿ ಕೊಡು ಅಂದೆ. ಎಲ್ಲಿಂದ ಕೊಡಲಿ, ಅದೆಲ್ಲ ನಿನ್ನ ಹೊಟ್ಟೆ ಸೇರಿತ್ತು! ಬಿತ್ತನೆ ಕಾಳನ್ನೇ ಬೇಯಿಸಿಬಿಟ್ಟೆ ಎಂದು ಹೇಳಿದರೆ ತಿಂದದ್ದು ನಿನ್ನ ಮೈಗೆ ಹತ್ತುವುದಿಲ್ಲ ಅನ್ನಿಸಿತು. ಅಂಗಿ ಗುಂಡಿಗಳ ಡಬ್ಬಿಯ ಹಿಂದೆ ಆರು ವರ್ಷದಿಂದ ಕೂತಿದ್ದ ಹಳೇ ಕಾಳನ್ನು ಕಟ್ಟಿಕೊಟ್ಟು, ಈ ವರ್ಷದ್ದೇ ಎಂದು ಸುಳ್ಳು ಹೇಳಿದೆ.

ನೂರು ಬಿತ್ತಿದರೆ ಮೂವತ್ತೊಂದೇ ಹುಟ್ಟಿತು ಎಂದು ನೀನೇ ಬರೆದಿದ್ದೀಯ. ಬೇರೆ ಯಾವ ಸಾಲೂ ತೊಂಬತ್ತಕ್ಕೆ ಕಡಿಮೆಯಿಲ್ಲ. ಆದರೆ ಹುಟ್ಟಿದ ಮೂವತ್ತೊಂದು ಎಷ್ಟು ದುಡಿದಿವೆ ನೋಡು, ಗಿಡಕ್ಕಿಷ್ಟು ಕಾಯಿ ಎಂಬ ಲೆಕ್ಕದಲ್ಲಿ ಅದಕ್ಕೆ ಎರಡನೇ ಸ್ಥಾನ. ಅಕ್ಕಪಕ್ಕ ಜಾಗ ಹೆಚ್ಚು ಸಿಕ್ಕಿದ್ದಕ್ಕೆ ಹಾಗಾಗಿದೆ ಎಂದು ನೀನು ವಾದಿಸುತ್ತೀಯ, ನನಗೆ ಗೊತ್ತು. ಇರಲಿ, ಇನ್ನೊಮ್ಮೆ ಬಿತ್ತಿ ನೋಡು.

ನಿಮ್ಮ ಮೇಡಂಗೆ ಈ ಪತ್ರ ತೋರಿಸು. ನಿನ್ನಮ್ಮ ಸುಳ್ಳಿ ಎಂದುಕೊಂಡರೆ ಅಂದುಕೊಳ್ಳಲಿ, ನಮ್ಮಜ್ಜಿಯ ಕಾಳಿಗೆ ಕೆಟ್ಟ ಹೆಸರು ಬೇಡ. ಕೋಪ ಬಂದಿದ್ದರೆ ಬೈದು ಬರಿ, ಬರೆಯದೆ ಮಾತ್ರ ಇರಬೇಡ.

ನಿನ್ನ ದಾರಿ ನೋಡುತ್ತಿರುವ,
ಅಮ್ಮ

ಮರೆತ ಮಾತು: ಆ ಸಂಜೆ ಕಾಳು ತೊಳೆದ ನೀರನ್ನು ಹಿಂಬಾಗಿಲ ಮೆಟ್ಟಿಲ ಪಕ್ಕ ಚೆಲ್ಲಿದ್ದೆ. ಅದರಲ್ಲಿ ಒಂದು ಕಾಳು ಜಾರಿಹೋಗಿತ್ತೆಂದು ಕಾಣುತ್ತದೆ, ಈಗ ಬಟ್ಟೆ ಒಣಗಿಸುವ ಹಗ್ಗಕ್ಕೆ ಹಬ್ಬಿ ಕಾಯಿ ಬಿಟ್ಟಿದೆ. ಒಂದು ಕಾಯಿಯನ್ನು ಟೇಪು ಹಿಡಿದು ಅಳೆದೆ, ಒಂಬತ್ತು ಇಂಚು! ಇದರ ಜೊತೆಗಿರುವ ಚೀಲದಲ್ಲಿ ಅದರದೇ ನೂರನಾಲ್ಕು ಕಾಳಿವೆ, ಚೀಲದ ಬಾಯಿಗೆ ಎರಡು ಸಲ ಹೊಲಿಗೆ ಹಾಕಿದ್ದೇನೆ. ಬೇಗ ಬಿತ್ತು. ಮನೆಯಲ್ಲಿಟ್ಟುಕೊಂಡರೆ, ನೀನು ಹಸಿದು ಬಂದ ದಿನ ಮತ್ತೆ ಬೇಯಿಸಿಬಿಡುತ್ತೇನೆ.